ನೌಕರಿ ಬಿಟ್ಟು ಅಂಗಡಿ ಹಿಡಿಯುವ ಮುನ್ನ

ಬೆಂಗಳೂರಿನ ಕಂಪನಿಗಳಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದ ನಾಲ್ಕು ಜನ ಎಲ್ಲಿ ಸೇರಿದರೂ ಈಗ ಒಂದು ಮಾತು ಬಂದೇ ಬರುತ್ತದೆ: 'ಇದನ್ನೆಲ್ಲ ಬಿಟ್ಟು ಏನಾದರೂ ಸ್ವಂತದ್ದು ಮಾಡಬೇಕು.' ಒಬ್ಬರ ಕಣ್ಣು ದರ್ಶಿನಿಯ ಮೇಲೆ, ಇನ್ನೊಬ್ಬರದು ಎಣ್ಣೆ ಗಾಣದ ಮೇಲೆ, ಮತ್ತೊಬ್ಬರದು ಊರಿನ ತೋಟದ ಮೇಲೆ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು, ಅದರಲ್ಲೂ ಮಧ್ಯಮ ಮತ್ತು ಮೇಲಿನ ಹಂತದವರನ್ನು ಕೈಬಿಡುವುದಾಗಿ ಪ್ರಕಟಿಸಿದ ಮೇಲೆ ಈ ಮಾತಿಗೆ ಭಯವೂ ಸೇರಿಕೊಂಡಿದೆ. ಮೊದಲು ಅದು ಆಸೆಯಾಗಿತ್ತು. ಈಗ ನಲವತ್ತೈದು ದಾಟಿದವರ ಎಷ್ಟೋ ಮನೆಗಳಲ್ಲಿ ಅದು ಲೆಕ್ಕಾಚಾರ.

ಈ ಬಗ್ಗೆ ನಡೆಯುವ ಚರ್ಚೆಯೆಲ್ಲ ಧೈರ್ಯದ ಸುತ್ತಲೇ ಗಿರಕಿ ಹೊಡೆಯುತ್ತದೆ. ಧೈರ್ಯ ಮಾಡಿದವನು ಗೆದ್ದ, ಮಾಡದವನು ಸಂಬಳದ ಚೀಟಿ ಹಿಡಿದು ಕೂತ ಎನ್ನುವಂತೆ ಸಂದರ್ಶನಗಳು, ಭಾಷಣಗಳು ಬರುತ್ತಿವೆ. ರಾಜೀನಾಮೆ ಕೊಡಲು ಒಂದು ಇಮೇಲ್ ಸಾಕು. ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು: ಹಿಡಿಯಲು ಹೊರಟ ಕಸುಬು ಕೈಗೆ ಎಷ್ಟು ಬಂದಿದೆ? ಹೊಸದಾಗಿಯೇ ಶುರು ಮಾಡಬೇಕೋ, ನಡೆಯುತ್ತಿರುವುದನ್ನೇ ಕೊಂಡುಕೊಳ್ಳಬಹುದೋ? ಎರಡನೆಯದನ್ನು ನಮ್ಮಲ್ಲಿ ಯಾರೂ ಗಂಭೀರವಾಗಿ ಕೇಳಿಕೊಂಡೇ ಇಲ್ಲ ಎಂಬುದು ನನ್ನ ತಕರಾರು.

ನೌಕರಿ ಬಿಟ್ಟು ಸ್ವಂತಕ್ಕೆ ಇಳಿಯುವುದು ಈ ಊರಿಗೆ ಹೊಸತೇನಲ್ಲ. ಎಚ್ಎಎಲ್, ಐಟಿಐ, ಎಚ್ಎಂಟಿ, ಬಿಇಎಲ್‌ನಂಥ ಸರ್ಕಾರಿ ಕಾರ್ಖಾನೆಗಳು ಕಟ್ಟಿದ ನಗರ ಇದು. ಅಲ್ಲಿ ಲೇತ್ ಮೇಲೆ ಕೈ ಪಳಗಿಸಿಕೊಂಡವರು ಹೊರಬಂದು ರಾಜಾಜಿನಗರದಲ್ಲಿ, ಪೀಣ್ಯದಲ್ಲಿ ಶೆಡ್ ಹಾಕಿದರು. ಎಷ್ಟೋ ಜನರಿಗೆ ಮೊದಲ ಆರ್ಡರ್ ಬಂದದ್ದು ಬಿಟ್ಟುಬಂದ ಕಾರ್ಖಾನೆಯಿಂದಲೇ. 1981ರಲ್ಲಿ ಇನ್ಫೊಸಿಸ್ ಶುರು ಮಾಡಿದ ಏಳು ಮಂದಿ ಪಟ್ನಿ ಕಂಪ್ಯೂಟರ್ಸ್‌ನಲ್ಲಿ ಮಾಡುತ್ತಿದ್ದ ಕೆಲಸವನ್ನೇ ಸ್ವಂತ ಹೆಸರಿನಲ್ಲಿ ಮಾಡಿದರು. ಕರಾವಳಿಯ ಹೋಟೆಲ್‌ನವರ ದಾರಿಯೂ ಇಂಥದ್ದೇ. ಕುಂದಾಪುರ, ಉಡುಪಿ ಕಡೆಯ ಹುಡುಗ ಬೆಂಗಳೂರಿಗೋ ಮುಂಬೈಗೋ ಹೋಗಿ ಕ್ಲೀನರ್ ಆಗಿ ಸೇರುತ್ತಿದ್ದ. ಸಪ್ಲೈಯರ್ ಆಗಿ, ಗಲ್ಲಾದ ಮೇಲೆ ಕೂತು, ಕೊನೆಗೆ ಪಾಲಿಗೋ ಲೀಸಿಗೋ ಸಣ್ಣದೊಂದು ಹೋಟೆಲ್ ಹಿಡಿಯುತ್ತಿದ್ದ. 1924ರಲ್ಲಿ ಎಂಟಿಆರ್‌ಗೆ ಬುನಾದಿ ಹಾಕಿದ ಮೈಯ ಸೋದರರೂ ಬೆಂಗಳೂರಿಗೆ ಬಂದದ್ದು ಅಡುಗೆ ಕೆಲಸಕ್ಕೆ.

ಇವರೆಲ್ಲ ಬಿಟ್ಟದ್ದು ಯಜಮಾನನನ್ನು. ಕಸುಬು ಕೈಯಲ್ಲೇ ಇತ್ತು. ಇಂದು ಕಂಪನಿ ಬಿಡುವ ಪ್ರಾಜೆಕ್ಟ್ ಮ್ಯಾನೇಜರ್ ಎರಡನ್ನೂ ಒಟ್ಟಿಗೆ ಬಿಡುತ್ತಾರೆ. ಹೊಸ ಕಸುಬನ್ನು ಸ್ವಂತ ದುಡ್ಡು ಸುರಿದು, ಬಾಡಿಗೆ ಕಟ್ಟುತ್ತಾ ಕಲಿಯುತ್ತಾರೆ. ಇದಕ್ಕಿಂತ ದುಬಾರಿ ಶಾಲೆ ಇಲ್ಲ.

ಈ ಅನುಮಾನಕ್ಕೆ ಅಧ್ಯಯನಗಳ ಬೆಂಬಲವೂ ಇದೆ. ಅಮೆರಿಕದ ಲೆಕ್ಕ ಹೇಳುವುದಾದರೆ, ಅಲ್ಲಿ ಶುರುವಾಗುವ ವ್ಯವಹಾರಗಳಲ್ಲಿ ಸುಮಾರು ಐದರಲ್ಲೊಂದು ಮೊದಲ ವರ್ಷದಲ್ಲೇ ಮುಚ್ಚುತ್ತದೆ, ಐದು ವರ್ಷ ದಾಟುವುದು ಅರ್ಧದಷ್ಟು ಮಾತ್ರ. 2000ದಲ್ಲಿ ಅರ್ಥಶಾಸ್ತ್ರಜ್ಞ ಬಾರ್ಟನ್ ಹ್ಯಾಮಿಲ್ಟನ್ ಪ್ರಕಟಿಸಿದ ಅಧ್ಯಯನ ಇನ್ನೂ ಖಾರವಾಗಿದೆ. ಹತ್ತು ವರ್ಷ ಸ್ವಂತ ವ್ಯವಹಾರದಲ್ಲಿ ನಿಂತವರ ನಡುಮಟ್ಟದ ಗಳಿಕೆ, ಅವರು ನೌಕರಿಯಲ್ಲೇ ಇದ್ದಿದ್ದರೆ ಸಿಗಬಹುದಾಗಿದ್ದ ಸಂಬಳಕ್ಕಿಂತ ಶೇ 35ರಷ್ಟು ಕಡಿಮೆ. ಹಾಗಿದ್ದೂ ಅವರು ಹಿಂದಿರುಗುವುದಿಲ್ಲ, ಏಕೆಂದರೆ ಸ್ವಂತದ್ದು ಎಂಬ ನೆಮ್ಮದಿಗೆ ಬೆಲೆ ಇದೆ. ಆ ನೆಮ್ಮದಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದಕ್ಕೆ ತೆರುತ್ತಿರುವ ಬೆಲೆ ಎಷ್ಟೆಂದು ಮನೆಮಂದಿಗೆಲ್ಲ ಮೊದಲೇ ಗೊತ್ತಿರಬೇಕು.

ಸಮಾಧಾನದ ಸುದ್ದಿಯೂ ಉಂಟು. ವ್ಯವಹಾರ ಕಟ್ಟಲು ಇಪ್ಪತ್ತೈದರ ಹುಡುಗರೇ ಆಗಬೇಕು ಎಂಬ ನಂಬಿಕೆ ಸುಳ್ಳು. ಪಿಯೆರ್ ಅಜೂಲೆ ಮತ್ತು ಸಂಗಡಿಗರು ಅಮೆರಿಕದ ಜನಗಣತಿ ಇಲಾಖೆಯ ದಾಖಲೆ ಹಿಡಿದು 2018ರಲ್ಲಿ ತೋರಿಸಿದಂತೆ, ಸಂಸ್ಥೆ ಶುರು ಮಾಡಿದವರ ಸರಾಸರಿ ವಯಸ್ಸು 42, ಅತಿ ವೇಗವಾಗಿ ಬೆಳೆದ ಸಂಸ್ಥೆಗಳದ್ದು 45. ಅದೇ ಕ್ಷೇತ್ರದಲ್ಲಿ ಮೂರು ವರ್ಷವಾದರೂ ಕೆಲಸ ಮಾಡಿದ್ದವರು ದೊಡ್ಡ ಗೆಲುವು ಕಾಣುವ ಸಂಭವ, ಅನುಭವವೇ ಇಲ್ಲದವರಿಗಿಂತ ಶೇ 85ರಷ್ಟು ಹೆಚ್ಚು. ಮತ್ತೆ ಕಸುಬಿನ ಮಾತಿಗೇ ಬಂದೆವು.

ನೌಕರಿಯಲ್ಲಿದ್ದುಕೊಂಡೇ ಶುರು ಮಾಡುವುದು ಹೇಡಿತನವೇ? 2014ರಲ್ಲಿ ಜೋಸೆಫ್ ರಾಫಿ ಮತ್ತು ಜೀ ಫೆಂಗ್ ಸಾವಿರಾರು ಅಮೆರಿಕನ್ನರ ವೃತ್ತಿ ದಾಖಲೆ ನೋಡಿ ಇದಕ್ಕೆ ಉತ್ತರ ಹೇಳಿದ್ದಾರೆ. ಸಂಬಳ ಬಿಡದೆ ವ್ಯವಹಾರ ಆರಂಭಿಸಿ, ಅದು ನೆಲೆ ನಿಂತ ಮೇಲೆ ಪೂರ್ತಿ ಇಳಿದವರ ಅಂಗಡಿ ಮುಚ್ಚುವ ಸಂಭವ, ಏಕಾಏಕಿ ಬಿಟ್ಟವರದ್ದಕ್ಕಿಂತ ಮೂರನೇ ಒಂದರಷ್ಟು ಕಡಿಮೆ. ನಮ್ಮೂರಿನಲ್ಲೇ ನಿದರ್ಶನ ಬೇಕಾದರೆ ದೋಸೆ ಹಿಟ್ಟಿನ ಐಡಿ ಫ್ರೆಶ್ ಇದೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಪಿ.ಸಿ. ಮುಸ್ತಫಾ ಮೊಟೊರೊಲಾ, ಸಿಟಿಬ್ಯಾಂಕ್‌ನಲ್ಲಿ ದುಡಿದವರು. ಅವರ ಸೋದರಸಂಬಂಧಿಗಳು ತಿಪ್ಪಸಂದ್ರದಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದರು. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ರಬ್ಬರ್ ಬ್ಯಾಂಡ್ ಹಾಕಿ ಮಾರುತ್ತಿದ್ದ ದೋಸೆ ಹಿಟ್ಟಿನ ಬಗ್ಗೆ ಗಿರಾಕಿಗಳು ದೂರುತ್ತಿದ್ದುದನ್ನು ಗಲ್ಲಾದಲ್ಲಿ ಕೂತು ಕೇಳಿದವರು ಆ ಹುಡುಗರು. 2005ರಲ್ಲಿ ಸಣ್ಣ ಅಡುಗೆಮನೆಯೊಂದರಲ್ಲಿ ಹಿಟ್ಟು ರುಬ್ಬುವುದು ಶುರುವಾಯಿತು. ದಿನದ ಕೆಲಸ ಅವರದು, ಮುಸ್ತಫಾ ದುಡ್ಡು ಹಾಕಿದರು, ಪೂರ್ಣಾವಧಿಗೆ ಬಂದದ್ದು ಆಮೇಲೆ. ಅಂಗಡಿಯ ಅನುಭವ ಒಬ್ಬರದು, ಬಂಡವಾಳ ಮತ್ತು ಲೆಕ್ಕದ ಶಿಸ್ತು ಇನ್ನೊಬ್ಬರದು. ಈ ಜೋಡಣೆಯನ್ನು ನಕಲು ಮಾಡಬಹುದು.

ಒಂದು ಎಚ್ಚರಿಕೆ ಮಾತ್ರ ಬೇಕು. ನೇಮಕಾತಿ ಪತ್ರದಲ್ಲಿ ಬೇರೆ ವ್ಯವಹಾರ ಮಾಡಕೂಡದು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. 2022ರಲ್ಲಿ ಏಕಕಾಲಕ್ಕೆ ಪ್ರತಿಸ್ಪರ್ಧಿ ಕಂಪನಿಗಳಿಗೆ ಕೆಲಸ ಮಾಡಿದರೆಂದು 300 ಮಂದಿಯನ್ನು ವಿಪ್ರೊ ತೆಗೆದುಹಾಕಿತು. ನೌಕರಿ ಬಿಟ್ಟ ನಂತರವೂ ಅದೇ ಬಗೆಯ ವ್ಯವಹಾರ ಮಾಡಬಾರದೆಂಬ ಕರಾರು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ನಿಲ್ಲುವುದಿಲ್ಲ. ನೌಕರಿಯಲ್ಲಿ ಇರುವಷ್ಟು ದಿನದ ಕಟ್ಟುಪಾಡು ಮಾತ್ರ ನಿಲ್ಲುತ್ತದೆ. ಹೆಂಡತಿ, ಗಂಡ ಅಥವಾ ತಮ್ಮನ ಹೆಸರಿನಲ್ಲಿ ಶುರು ಮಾಡುವವರು ಕೂಡ ಮೊದಲು ಪತ್ರ ತೆಗೆದು ಓದಲಿ.

ಬಿಡುವ ದಿನದ ಲೆಕ್ಕವನ್ನು ಬೇಗ ಹೇಳಿ ಮುಗಿಸುತ್ತೇನೆ. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷದ ಸೇವೆ ತುಂಬಬೇಕು. ಕೆಲವೇ ತಿಂಗಳು ಬಾಕಿ ಇರುವಾಗ ಹೊರಡುವುದು ಸುಮ್ಮನೆ ಕಳೆದುಕೊಂಡಂತೆ. ಐದು ವರ್ಷ ತುಂಬುವ ಮೊದಲೇ ಪಿಎಫ್ ತೆಗೆದರೆ ತೆರಿಗೆ ಬೀಳುತ್ತದೆ. ಕಂಪನಿಯ ಗುಂಪು ವಿಮೆ ಕೊನೆಯ ದಿನಕ್ಕೆ ನಿಲ್ಲುತ್ತದೆ. ಸ್ವಂತ ಪಾಲಿಸಿಯಲ್ಲಿ ಹಳೆಯ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಿಸುವ ಅವಕಾಶ ವಿಮಾ ಕಂಪನಿಗಿದೆ. ಹಾಗಾಗಿ ಮನೆಯಲ್ಲಿ ಸಕ್ಕರೆ ಕಾಯಿಲೆ, ಬಿಪಿಯ ಹಿರಿಯರಿದ್ದರೆ ಪಾಲಿಸಿಯನ್ನು ರಾಜೀನಾಮೆಗಿಂತ ಎರಡು ಮೂರು ವರ್ಷ ಮುಂಚೆಯೇ ಮಾಡಿಸಬೇಕು. ಮನೆ ಸಾಲ ಬೇಕಿದ್ದರೆ ಅದೂ ಮೊದಲೇ. ಸಂಬಳದ ಚೀಟಿ ಕೈಬಿಟ್ಟ ಮೇಲೆ ಬ್ಯಾಂಕಿನವರು ಎರಡು ಮೂರು ವರ್ಷದ ವ್ಯವಹಾರದ ರಿಟರ್ನ್ಸ್ ಕೇಳುತ್ತಾರೆ.

ಇನ್ನು ಎಲ್ಲರ ಕನಸಿನ ಹೋಟೆಲ್. ನಿಂತು ತಿನ್ನುವ ದರ್ಶಿನಿ 1980ರ ದಶಕದಲ್ಲಿ ಜಯನಗರದ ಕಡೆ ಶುರುವಾಗಿ ಇಡೀ ಬೆಂಗಳೂರನ್ನು ಆವರಿಸಿತು. ಜಾಗ ಕಡಿಮೆ, ಸಪ್ಲೈಯರ್ ಬೇಡ, ದುಡ್ಡು ಮೊದಲೇ ಕೈಗೆ ಬರುತ್ತದೆ. ಹೊರಗಿನಿಂದ ನೋಡಿದವರಿಗೆ ಇದು ಸುಲಭದ ವ್ಯಾಪಾರದಂತೆ ಕಾಣುತ್ತದೆ. ಲೆಕ್ಕಕ್ಕಾಗಿ ಒಂದು ಉದಾಹರಣೆ ಹಿಡಿಯೋಣ. ಬಾಡಿಗೆ ತಿಂಗಳಿಗೆ 1 ಲಕ್ಷ, ಅಡ್ವಾನ್ಸ್ ಹತ್ತು ತಿಂಗಳದ್ದು 10 ಲಕ್ಷ, ಒಲೆ, ಗ್ರೈಂಡರ್, ಸ್ಟೀಲ್ ಕೌಂಟರ್, ಚಿಮಣಿ ಎಲ್ಲ ಸೇರಿ 15 ಲಕ್ಷ. ಬಾಡಿಗೆ, ಭಟ್ಟರಿಂದ ಕ್ಲೀನರ್‌ವರೆಗಿನ ಸಂಬಳ, ಅವರ ಊಟ ವಸತಿ, ಕರೆಂಟು, ಗ್ಯಾಸು ಸೇರಿ ತಿಂಗಳಿಗೆ 4.5 ಲಕ್ಷ ಎನ್ನೋಣ. ರೂಪಾಯಿಯ ವ್ಯಾಪಾರದಲ್ಲಿ 40 ಪೈಸೆ ಸಾಮಾನಿಗೆ ಹೋದರೆ ಉಳಿಯುವುದು 60 ಪೈಸೆ. ಅಸಲು ಗಿಟ್ಟಬೇಕಾದರೆ ತಿಂಗಳಿಗೆ 7.5 ಲಕ್ಷ, ದಿನಕ್ಕೆ 25 ಸಾವಿರ ವ್ಯಾಪಾರ ಆಗಬೇಕು. ತಲೆಗೆ 50 ರೂಪಾಯಿಯಂತೆ 500 ಗಿರಾಕಿ, ಮಳೆ ಬಂದ ದಿನವೂ, ಬಂದ್ ಇದ್ದ ದಿನವೂ. ಹಳೆಯ ಸಂಬಳದಲ್ಲಿ 1.5 ಲಕ್ಷವನ್ನಾದರೂ ಮನೆಗೆ ಒಯ್ಯಬೇಕೆಂದರೆ ಸುಮಾರು 670 ಗಿರಾಕಿ ಬೇಕು. ಮೊದಲ ಆರು ತಿಂಗಳು ಅಸಲಿಗೆ ಬೇಕಾದ 500ರ ಅರ್ಧ, ಅಂದರೆ 250 ಜನ ಬಂದರೆ ಕೈಯಿಂದ ಹೋಗುವುದು 13.5 ಲಕ್ಷ. ಹೋಟೆಲ್ ಹಾಕಲು 25 ಲಕ್ಷ ಹೊಂದಿಸಿದವರಲ್ಲಿ ಈ ಹದಿಮೂರೂವರೆಯನ್ನು ಪಕ್ಕಕ್ಕೆ ಇಟ್ಟುಕೊಂಡವರು ಕಡಿಮೆ. ಬಹಳಷ್ಟು ಅಂಗಡಿಗಳು ಮುಚ್ಚುವುದು ರುಚಿ ಕೆಟ್ಟು ಅಲ್ಲ, ನಡೆಸುವ ದುಡ್ಡು ತೀರಿ.

ಇದರಲ್ಲಿ ಸೇರಿಸದ ಬಾಬತ್ತೂ ಇದೆ. ಹೋಟೆಲ್ ಬಿಲ್ಲಿನ ಮೇಲಿನ ಜಿಎಸ್‌ಟಿ ಶೇ 5 ಇದ್ದರೂ ಅಲ್ಲಿ ಹಿಂದಿನ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಸೌಲಭ್ಯವಿಲ್ಲ. ಬಾಡಿಗೆ ಮೇಲೆ ಶೇ 18 ಬಿದ್ದರೆ ಅದು ನೇರವಾಗಿ ಖರ್ಚು. ಆನ್‌ಲೈನ್ ಆರ್ಡರ್ ಮೇಲೆ ಸ್ವಿಗ್ಗಿ, ಜೊಮ್ಯಾಟೊ ಕಮಿಷನ್ ಬೇರೆ. ಭಟ್ಟರು ಊರ ಜಾತ್ರೆಗೆ ಹೋದ ವಾರ ಸಾಂಬಾರಿಗೆ ಯಾರು ನಿಲ್ಲುತ್ತಾರೆ ಎಂಬುದಕ್ಕೂ ಯಜಮಾನನ ಬಳಿ ಉತ್ತರವಿರಬೇಕು.

ಬೆಳಗಿನ ನಾಲ್ಕು ಗಂಟೆಗೆ ಶಟರ್ ಎತ್ತಿ ಇಂಥ ಲೆಕ್ಕವನ್ನೆಲ್ಲ ಇಪ್ಪತ್ತು ಮೂವತ್ತು ವರ್ಷ ಸರಿದೂಗಿಸಿದ ಒಬ್ಬರು ನಿಮ್ಮ ಬೀದಿಯಲ್ಲೇ ಇದ್ದಾರೆ. ಅವರಿಗೆ ಅರವತ್ತೈದು ದಾಟಿದೆ, ಮಂಡಿ ನೋವು. ಮಗ ವೈಟ್‌ಫೀಲ್ಡ್‌ನಲ್ಲೋ ಟೆಕ್ಸಾಸ್‌ನಲ್ಲೋ ಸಾಫ್ಟ್‌ವೇರ್ ಬರೆಯುತ್ತಾನೆ, ಗಲ್ಲಾದ ಮೇಲೆ ಕೂರಲಾರ. ಹೋಟೆಲ್ ಮಾತ್ರವಲ್ಲ, ಮೆಡಿಕಲ್ ಸ್ಟೋರ್, ಪ್ರಿಂಟಿಂಗ್ ಪ್ರೆಸ್, ಪೀಣ್ಯದ ಗೇರ್ ಶಾಪ್, ಚಿಕ್ಕಪೇಟೆಯ ಸಗಟು ಅಂಗಡಿ ಎಲ್ಲ ಕಡೆಯೂ ಇದೇ ಕಥೆ. ಅತ್ತ ಸಾಫ್ಟ್‌ವೇರ್ ಬರೆದು ದಣಿದವರು ವ್ಯಾಪಾರ ಹುಡುಕುತ್ತಿದ್ದಾರೆ. ಈ ಇಬ್ಬರನ್ನೂ ಕೂಡಿಸುವ ವ್ಯವಸ್ಥೆ ಮಾತ್ರ ನಮ್ಮಲ್ಲಿಲ್ಲ. ಯಜಮಾನರು ಸುಸ್ತಾದ ದಿನ ಅಂಗಡಿ ಮುಚ್ಚುತ್ತದೆ, ಜಾಗ ಮಾರಾಟವಾಗುತ್ತದೆ. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ 1954ರಿಂದ ನಡೆದ ನ್ಯೂ ಕೃಷ್ಣ ಭವನ್ 2024ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿದಾಗ ಎಷ್ಟೋ ಜನ ಸಂಕಟಪಟ್ಟರು. ಅಂಥ ದೊಡ್ಡ ಹೆಸರಿನವು ಮುಚ್ಚಿದರೆ ಸುದ್ದಿಯಾದರೂ ಆಗುತ್ತದೆ. ಸಣ್ಣವು ಸದ್ದಿಲ್ಲದೆ ಹೋಗುತ್ತವೆ.

ನಡೆಯುತ್ತಿರುವ ವ್ಯವಹಾರ ಕೊಂಡರೆ ಮೊದಲ ದಿನದಿಂದಲೇ ಗಿರಾಕಿ ಇರುತ್ತಾರೆ, ಕೆಲಸಗಾರರಿರುತ್ತಾರೆ, ಸಾಮಾನು ಹಾಕುವವರ ಪರಿಚಯ ಸಿಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕಲಿಸುವ ಗುರು ಸಿಗುತ್ತಾರೆ. ಮಾರುವವರು ಕನಿಷ್ಠ ಮೂರು ತಿಂಗಳು ಜೊತೆಗಿದ್ದು ಕೈ ಹಿಡಿದು ನಡೆಸಬೇಕು, ಹಣದಲ್ಲಿ ಒಂದು ಪಾಲು ಆಮೇಲೆ ಕೊಡುವುದು ಎಂದು ಕರಾರಿನಲ್ಲೇ ಬರೆಸಿಕೊಂಡರೆ ಆ ಕಲಿಕೆಗೆ ಖಾತರಿ ಇರುತ್ತದೆ.

ಅಪಾಯವೂ ಇಲ್ಲೇ ಇದೆ. 'ದಿನಕ್ಕೆ ಮೂವತ್ತು ಸಾವಿರ ವ್ಯಾಪಾರ' ಎಂದು ಮಾರುವವರು ಹೇಳಿದರೆ ಮಾತನ್ನು ನಂಬಬೇಡಿ, ಬರೆದ ಪುಸ್ತಕವನ್ನೂ ಪೂರ್ತಿ ನಂಬಬೇಡಿ. ಬೆಳಿಗ್ಗೆ ಐದಕ್ಕೆ ಹೋಗಿ ನಿಲ್ಲಿ. ಎಷ್ಟು ಕ್ರೇಟ್ ಹಾಲು ಇಳಿಯಿತು? ಒಂದು ಲೀಟರಿಗೆ ಆ ಅಂಗಡಿಯ ಲೋಟದಲ್ಲಿ ಎಷ್ಟು ಕಾಫಿ ಬರುತ್ತದೆಂದು ಕಾಫಿ ಹಾಕುವ ಹುಡುಗನನ್ನೇ ಕೇಳಿ. 19 ಕೆ.ಜಿ.ಯ ಗ್ಯಾಸ್ ಸಿಲಿಂಡರ್ ವಾರಕ್ಕೆ ಎಷ್ಟು ಖರ್ಚಾಗುತ್ತದೆ, ಅಕ್ಕಿ, ಉದ್ದು ಎಷ್ಟು ಮೂಟೆ ಬರುತ್ತದೆ, ಹನ್ನೆರಡು ತಿಂಗಳ ಕರೆಂಟ್ ಬಿಲ್ ಏನು ಹೇಳುತ್ತದೆ? ಸೋಮವಾರ ಒಮ್ಮೆ, ಭಾನುವಾರ ಒಮ್ಮೆ, ತಿಂಗಳ ಕೊನೆಯಲ್ಲಿ ಒಮ್ಮೆ ನೋಡಿ. ಹಾಲಿನ ಲೆಕ್ಕ ಮತ್ತು ಗಲ್ಲಾದ ಲೆಕ್ಕ ತಾಳೆಯಾದರೆ ಮುಂದಿನ ಮಾತು. ಕಿರಾಣಿ ಅಂಗಡಿಯಾದರೆ ಉದ್ರಿ ಪುಸ್ತಕದಲ್ಲಿ ವಸೂಲಾಗುವುದೆಷ್ಟು ಎಂದು ನೋಡಬೇಕು. ಹತ್ತು ನಿಮಿಷದಲ್ಲಿ ಸಾಮಾನು ತಲುಪಿಸುವ ಆ್ಯಪ್‌ಗಳು ಆ ಬಡಾವಣೆಗೆ ಬಂದ ಮೇಲೆ ವ್ಯಾಪಾರ ಹೇಗಿದೆ ಎಂಬುದನ್ನೂ ಕೇಳಬೇಕು. ಮೆಡಿಕಲ್ ಸ್ಟೋರ್ ಆದರೆ ಅವಧಿ ಮುಗಿಯುತ್ತಿರುವ ಮಾಲು ಎಷ್ಟಿದೆ ಎಂಬುದು ಮುಖ್ಯ. ಅಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಇಲ್ಲದೆ ಬಾಗಿಲು ತೆರೆಯುವಂತಿಲ್ಲ, ಯಜಮಾನಿಕೆ ಬದಲಾದರೆ ಹೊಸ ಲೈಸೆನ್ಸೂ ಬೇಕು.

ಕಟ್ಟಡದ ಮಾಲೀಕರನ್ನು ಕಾಣದೆ ಒಂದು ರೂಪಾಯಿ ಅಡ್ವಾನ್ಸೂ ಕೊಡಬಾರದು. ಬಹಳಷ್ಟು ಅಂಗಡಿಗಳ ಜೀವ ಇರುವುದು ಜಾಗದಲ್ಲಿ, ಆ ಜಾಗ ನಿಂತಿರುವುದು ಹನ್ನೊಂದು ತಿಂಗಳ ಕರಾರಿನ ಮೇಲೆ. ವ್ಯಾಪಾರ ನಿಮಗೆ ಮಾರಿದ ಮರುತಿಂಗಳೇ ಮಾಲೀಕರು ಬಾಡಿಗೆ ಏರಿಸಿದರೆ ನೀವು ಕೊಟ್ಟ ಗುಡ್‌ವಿಲ್ ಅವರ ಪಾಲಾಯಿತು. ಐದು ವರ್ಷದ, ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾದ ಲೀಸ್ ಇಲ್ಲದಿದ್ದರೆ ಎದ್ದು ಬನ್ನಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ತೆರಿಗೆಯ ಮಾತು ಇದಕ್ಕೂ ಸೂಕ್ಷ್ಮ. 2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿ ಅಂಟಿದವು. ಸರಕು ಮಾರುವವರು ವರ್ಷಕ್ಕೆ 40 ಲಕ್ಷ, ಸೇವೆ ಒದಗಿಸುವವರು 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಆಗಲೇಬೇಕು ಎಂಬುದು ಎಷ್ಟೋ ಜನರಿಗೆ ನೋಟಿಸ್ ಬಂದ ಮೇಲೆಯೇ ತಿಳಿದದ್ದು. ಅಂಗಡಿ ಕೊಳ್ಳುವವರು ತಿಳಿದಿರಲೇಬೇಕಾದದ್ದು ಜಿಎಸ್‌ಟಿ ಕಾಯ್ದೆಯ 85ನೇ ಸೆಕ್ಷನ್. ವ್ಯವಹಾರ ಕೈಬದಲಾದ ದಿನದವರೆಗಿನ ತೆರಿಗೆ ಬಾಕಿಗೆ ಮಾರಿದವರೂ ಕೊಂಡವರೂ ಇಬ್ಬರೂ ಹೊಣೆ, ಆ ಬಾಕಿ ಆಮೇಲೆ ಪತ್ತೆಯಾದರೂ ಸರಿ. ಎರಡು ಲೆಕ್ಕ ಇಟ್ಟವರ ಅಂಗಡಿ ಕೊಂಡರೆ ಎರಡನೆಯ ಲೆಕ್ಕದ ಬಿಲ್ ನಿಮ್ಮ ಹೆಸರಿಗೆ ಬರಬಹುದು. ಒಳ್ಳೆಯ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರಿಗೆ ಕೊಡುವ ಫೀಸು ಇಲ್ಲಿ ದಂಡವಾಗುವುದಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿ ಕೊಳ್ಳಲು ಹೊರಟವರಿಗೆ ಸರ್ಕಾರ ಏನು ಕೊಡುತ್ತದೆ? ಬಹುತೇಕ ಏನೂ ಇಲ್ಲ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನೆಗೆ ಸಾಲವಿದೆ, ಶೇ 15ರಿಂದ 35ರವರೆಗೆ ಸಬ್ಸಿಡಿಯೂ ಇದೆ. ಆದರೆ ಘಟಕ ಹೊಸದಾಗಿರಬೇಕು. 2016ರಲ್ಲಿ ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆಂದು ಬಂದ ಸ್ಟ್ಯಾಂಡ್ ಅಪ್ ಇಂಡಿಯಾದ ಷರತ್ತೂ ಅದೇ ಆಗಿತ್ತು. ಹಳೆಯ ವ್ಯವಹಾರವನ್ನು ಮರುರಚಿಸಿ ಕಟ್ಟಿದ ಸಂಸ್ಥೆಗೆ ಸ್ಟಾರ್ಟ್ ಅಪ್ ಮಾನ್ಯತೆ ಸಿಗುವುದಿಲ್ಲ. ಹತ್ತು ಜನರಿಗೆ ಕೆಲಸ ಕೊಟ್ಟ ಹಳೆ ಅಂಗಡಿ ಮುಚ್ಚಿ, ಅದರ ಪಕ್ಕದಲ್ಲೇ ಹೊಸ ಅಂಗಡಿ ತೆರೆದವರಿಗೆ ಸಬ್ಸಿಡಿ ಸಿಗುತ್ತದೆ. ಹಳೆಯದನ್ನೇ ಉಳಿಸಿಕೊಂಡವರಿಗೆ ಸಿಗುವುದಿಲ್ಲ. ಇದು ಸರಿಯಲ್ಲ. ಅಮೆರಿಕದಲ್ಲಿ ಸರ್ಕಾರದ ಖಾತರಿಯಿರುವ ಸಣ್ಣ ಉದ್ಯಮ ಸಾಲವನ್ನು ನಡೆಯುತ್ತಿರುವ ವ್ಯವಹಾರ ಕೊಳ್ಳಲೂ ಬಳಸಬಹುದು. 2025ರ ಹೊತ್ತಿಗೆ ಎಪ್ಪತ್ತು ದಾಟಿದ ಸಣ್ಣ ಉದ್ಯಮಿಗಳು 24.5 ಲಕ್ಷ, ಅವರಲ್ಲಿ 12.7 ಲಕ್ಷ ಮಂದಿಗೆ ವಾರಸುದಾರರೇ ಇಲ್ಲ ಎಂದು ಅಂದಾಜಿಸಿದ್ದ ಜಪಾನ್, ತನ್ನ 47 ಪ್ರಾಂತ್ಯಗಳಲ್ಲೂ ಉದ್ಯಮ ಹಸ್ತಾಂತರಕ್ಕೆ ನೆರವಾಗುವ ಕೇಂದ್ರಗಳನ್ನು ತೆರೆದಿದೆ. ಮಾರುವವರು ಅಲ್ಲಿ ಹೆಸರು ಬರೆಸುತ್ತಾರೆ, ಕೊಳ್ಳುವವರು ಬರುತ್ತಾರೆ, ಸರ್ಕಾರದ ಜನ ನಡುವೆ ಕೂತು ಮಾತಾಡಿಸುತ್ತಾರೆ.

ಹಳ್ಳಿಗೆ ಮರಳಿ ತೋಟ ಮಾಡುವ ವಿಚಾರ ಬೇರೆಯೇ ಲೇಖನಕ್ಕೆ ತಕ್ಕದ್ದು. 2020ರ ಭೂಸುಧಾರಣಾ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಜಮೀನು ಕೊಳ್ಳಬಹುದು. ಕೊಂಡದ್ದರಿಂದಲೇ ಯಾರೂ ರೈತರಾಗುವುದಿಲ್ಲ. ವಿಪ್ರೊ ಬಿಟ್ಟು ಬಂದ ಶಶಿಕುಮಾರ್ ಅವರು ತಿಪಟೂರಿನಲ್ಲಿ 2010ರಲ್ಲಿ ಕಟ್ಟಿದ ಹಾಲಿನ ಸಂಸ್ಥೆ ಅಕ್ಷಯಕಲ್ಪ ನಿಂತದ್ದು ಹಸು ಸಾಕುವುದು ಗೊತ್ತಿದ್ದ ಸುತ್ತಲಿನ ರೈತರನ್ನು ಜೊತೆಗೆ ಕಟ್ಟಿಕೊಂಡದ್ದರಿಂದ.

ಮನೆಯ ಮಾತನ್ನೂ ಹೇಳಲೇಬೇಕು. ತಿಂಗಳ ಮೊದಲ ತಾರೀಕಿಗೆ ಬರುತ್ತಿದ್ದ ಸಂಬಳ ನಿಂತಾಗ ಅದರ ಭಾರ ಮೊದಲು ಬೀಳುವುದು ಹೆಂಡತಿ ಅಥವಾ ಗಂಡನ ಮೇಲೆ, ಮಕ್ಕಳ ಶಾಲೆ ಫೀಸಿನ ಮೇಲೆ. ಒಬ್ಬರ ನೌಕರಿ ಉಳಿದಿರುವ ಮನೆಯಲ್ಲಿ ಇನ್ನೊಬ್ಬರು ಸ್ವಂತಕ್ಕೆ ಇಳಿಯುವುದು ಕ್ಷೇಮ. ಸ್ವಂತ ಮನೆಯ ಪತ್ರ ಅಡವಿಟ್ಟು ಅಂಗಡಿ ಹಾಕುವುದನ್ನು ನಾನು ಯಾರಿಗೂ ಹೇಳಲಾರೆ. ಸಾಲ ಖಾತರಿ ನಿಧಿಯ ಅಡಿ ಅಡಮಾನವಿಲ್ಲದ ಸಾಲಕ್ಕೆ, ಮುದ್ರಾ ಸಾಲಕ್ಕೆ ಬ್ಯಾಂಕಿಗೆ ನಾಲ್ಕು ಸಲ ಅಲೆಯಬೇಕಾಗಬಹುದು. ಅಲೆಯುವುದೇ ಮೇಲು.

ಈಗ ನೌಕರಿಯಲ್ಲಿ ಇರುವವರಲ್ಲಿ ನನ್ನ ಕೋರಿಕೆ ಒಂದೇ. ಯಾವ ವ್ಯಾಪಾರ ಮನಸ್ಸಿನಲ್ಲಿದೆಯೋ ಆ ಬಗೆಯ ಅಂಗಡಿಯೊಂದರ ಯಜಮಾನರನ್ನು ಹುಡುಕಿ, ಉಳಿದಿರುವ ರಜೆಯನ್ನೆಲ್ಲ ಒಟ್ಟು ಮಾಡಿ ಒಂದು ತಿಂಗಳು ಅವರ ಗಲ್ಲಾದ ಪಕ್ಕ ನಿಲ್ಲಿ. ಆಮೇಲೂ ಅದೇ ಬೇಕೆನಿಸಿದರೆ ಅವರನ್ನೇ ಕೇಳಿ, ಮಾರುವ ಯೋಚನೆ ಇದೆಯೇ ಎಂದು. ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ, ಬೃಹತ್ ಬೆಂಗಳೂರು ಹೋಟೆಲುಗಳ ಸಂಘ, ಪೀಣ್ಯ ಕೈಗಾರಿಕೆಗಳ ಸಂಘದಂಥ ಸಂಸ್ಥೆಗಳು ಮಾರಲು ಸಿದ್ಧರಿರುವ ಹಿರಿಯ ಸದಸ್ಯರ ಪಟ್ಟಿಯನ್ನು ಈ ವರ್ಷವೇ ಮಾಡಲು ಶುರು ಮಾಡಲಿ. ಉದ್ಯೋಗ ಸೃಜನ ಯೋಜನೆಯ ನಿಯಮದಲ್ಲಿ 'ಹೊಸ ಘಟಕ' ಎಂದಿರುವಲ್ಲಿ 'ಹೊಸ ಅಥವಾ ಹಸ್ತಾಂತರವಾದ ಘಟಕ' ಎಂದು ಸೇರಿಸಲು ರಾಜ್ಯ ಸರ್ಕಾರ ಕೇಂದ್ರಕ್ಕೆ ಬರೆಯಲಿ.